ಪ್ಲೇಯರ್ ಕೊಳ್ಳುವ ಮುನ್ನ ಬಾಯಿ ನೋಡಬೇಕು

ವೈರಿಂಗ್ ಕೆಲಸದವನಿಗೆ ಶಾಕ್ ಹೊಡೆಯೋದು ವರ್ಷಕ್ಕೆ ಒಂದೋ ಎರಡೋ ಸಲ. ನಗು ಬರುವಂಥದ್ದು ಮಾತ್ರ ವಾರಕ್ಕೊಂದು ಆಗೇ ಆಗುತ್ತೆ, ಅದನ್ನು ತಡೆಯೋಕೆ ಯಾವ ಫ್ಯೂಸೂ ಇಲ್ಲ. ನಾನು ಐಟಿಐ ಮುಗಿಸಿ ಎಂಬತ್ತರ ದಶಕದಲ್ಲಿ ಟೂಲ್ ಚೀಲ ಹೆಗಲಿಗೆ ಹಾಕಿಕೊಂಡವನು. ಮನೆ ಚಿಕ್ಕಬಳ್ಳಾಪುರದಲ್ಲಿ, ಕೆಲಸ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಅಂತ ಎಲ್ಲೆಲ್ಲೋ. ಜನ ನನ್ನ ಹತ್ತಿರ ಕರೆಂಟಿನ ವಿಷಯ ಕೇಳಿದ್ದು ಕಡಿಮೆ. ಒಳ್ಳೇ ಟೆಸ್ಟರ್ ಯಾವುದಪ್ಪ, ವೈರು ಕತ್ತರಿಸೋ ಪ್ಲೇಯರ್ ಯಾವುದು ತಗೊಂಡ್ರೆ ಬಾಳಿಕೆ ಬರುತ್ತೆ ಅಂತ ಕೇಳಿದವರೇ ಜಾಸ್ತಿ. ನಾನು ಉತ್ತರ ಹೇಳಿ ಮುಗಿಸೋದರೊಳಗೆ ಏನಾದರೊಂದು ಆಗಿಬಿಡುತ್ತಿತ್ತು.

೧. ಬೆಳಕು ಬರ್ತೈತೆ

ನನಗೆ ಕೆಲಸ ಕಲಿಸಿದವರು ಶಿಡ್ಲಘಟ್ಟದ ಒಬ್ಬ ಸಾಹೇಬರು. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗಳಲ್ಲಿ ಮೋಟಾರು ನಿಂತರೆ ಎಲ್ಲರೂ ಹುಡುಕಿಕೊಂಡು ಬರುತ್ತಿದ್ದುದು ಅವರ ಮನೆಗೇ. ಊರಿಗೆಲ್ಲ ಅವರು ಉಸ್ತಾದ್. ಕಡಿಮೆ ಮಾತು. ಆದರೆ ಟೂಲು ಕೊಳ್ಳೋಕೆ ಹೊರಟರೆ ಅವತ್ತು ಬೇರೆ ಕೆಲಸ ಇಟ್ಟುಕೊಳ್ಳುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ, "ನಿಂಗೊಂದು ಸ್ವಂತ ಕಟಿಂಗ್ ಪ್ಲೇಯರ್ ಬೇಕು ಕಣಪ್ಪ, ನಡಿ" ಅಂತ ಚಿಕ್ಕಬಳ್ಳಾಪುರದ ಒಂದು ಅಂಗಡಿಗೆ ಕರಕೊಂಡು ಬಂದರು. ಅಂಗಡಿ ಯಜಮಾನರು ಒಂದು ಪ್ಲೇಯರ್ ತೆಗೆದು ಮೇಜಿನ ಮೇಲಿಟ್ಟರು. ಉಸ್ತಾದ್ ಅದರ ಬಾಯಿ ಮುಚ್ಚಿ, ಬಾಗಿಲ ಹತ್ತಿರ ಹೋಗಿ, ಒಂದು ಕಣ್ಣು ಮುಚ್ಚಿ ಬಿಸಿಲಿಗೆ ಹಿಡಿದು ನೋಡಿದರು.

"ಬೆಳಕು ಬರ್ತೈತೆ. ಬೇರೆ ಕೊಡಿ."

ಪ್ಲೇಯರ್ ಬಾಯಿ ಮುಚ್ಚಿದಾಗ ತುದಿ ತುದಿ ಸರಿಯಾಗಿ ಕೂತಿರಬೇಕು. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಸಣ್ಣ ವೈರು ಹಿಡಿಯೋಕೆ ಬರಲ್ಲ, ಜಾರುತ್ತೆ. ಇದು ಉಸ್ತಾದರ ಲೆಕ್ಕ. ಯಜಮಾನರು ಎರಡನೇದು ಕೊಟ್ಟರು, ಮೂರನೇದು ಕೊಟ್ಟರು. ಉಸ್ತಾದ್ ಪ್ರತಿ ಸಲವೂ ಬಾಗಿಲಿಗೆ ಹೋಗಿ, ನೋಡಿ, ಬಂದು ಮೇಜಿನ ಮೇಲಿಡುತ್ತಿದ್ದರು. ಅರ್ಧ ಗಂಟೆಯಲ್ಲಿ ಎರಡು ಡಜನ್ ಮುಗಿಯಿತು.

"ನಿಮಗೆ ಬೇಕಾಗಿರೋದು ಪ್ಲೇಯರಾ, ದುರ್ಬೀನಾ?" ಅಂದರು ಯಜಮಾನರು.

ಉಸ್ತಾದರ ಕಣ್ಣು ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಬಿದ್ದಿದ್ದ ಒಂದು ಹಳೇ ಪ್ಲೇಯರಿನ ಮೇಲಿತ್ತು. ಯಜಮಾನರು ಸಾಮಾನಿನ ಪೆಟ್ಟಿಗೆಗಳ ಮೊಳೆ ಕೀಳೋಕೆ ಹತ್ತು ವರ್ಷದಿಂದ ಬಳಸುತ್ತಿದ್ದದ್ದು ಅದು. ಉಸ್ತಾದ್ ಅದನ್ನೆತ್ತಿಕೊಂಡು ಬಾಗಿಲಿಗೆ ಹೋದರು. ನೋಡಿದರು. ಜೇಬಿನಿಂದ ಬೀಡಿ ಕಟ್ಟಿನ ಕಾಗದ ತೆಗೆದು ಕತ್ತರಿಸಿ ನೋಡಿದರು. "ಇದು ಕೊಡಿ" ಅಂದರು.

"ಅದು ಮಾರೋದಲ್ಲ, ಅಂಗಡೀದು."

"ಹೊಸಾದ್ರ ರೇಟೇ ತಗೊಳಿ."

ಹಳೇ ಪ್ಲೇಯರಿಗೆ ಹೊಸ ರೇಟು ಸಿಕ್ಕರೆ ಯಾರು ಬಿಡ್ತಾರೆ? ಕೊಟ್ಟರು. ಹದಿನೈದು ದಿನದ ಮೇಲೆ ವೈರು ಕೊಳ್ಳೋಕೆ ನಾವಿಬ್ಬರೂ ಮತ್ತೆ ಆ ಅಂಗಡಿಗೆ ಹೋದೆವು. ಯಜಮಾನರು ಒಂದು ಮರದ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತಿದ್ದರು. ಮೊಳೆ ಕೀಳೋಕೆ ಹೋಗಿ ಮೂರು ಪ್ಲೇಯರ್ ಬಾಯಿ ಸೊಟ್ಟ ಮಾಡಿದ್ದರು.

"ಉಸ್ತಾದ್, ಸ್ವಲ್ಪ ಅದನ್ನ ಕೊಡ್ತೀರಾ?" ಅಂದರು. ನಾನು ಚೀಲದಿಂದ ತೆಗೆದುಕೊಟ್ಟೆ. ಪೆಟ್ಟಿಗೆ ತೆರೆಯಿತು. ಒಳಗೆ ಇದ್ದದ್ದು ಎರಡು ಡಜನ್ ಹೊಸ ಪ್ಲೇಯರು. ಯಜಮಾನರು ಅದರಲ್ಲೊಂದನ್ನು ಎತ್ತಿ, "ಒಂದು ಮಾತು. ಇದನ್ನ ತಗೊಂಡು ನಂದು ನಂಗೆ ವಾಪಸ್ ಕೊಟ್ಬಿಡಿ" ಅಂದರು.

ಉಸ್ತಾದ್ ಹೊಸದನ್ನು ತಗೊಂಡು ಬಾಗಿಲಿಗೆ ಹೋದರು. ಒಂದು ಕಣ್ಣು ಮುಚ್ಚಿದರು.

"ಬೆಳಕು ಬರ್ತೈತೆ ಸ್ವಾಮಿ."

೨. ಅಮ್ಮನ ಇಕ್ಕಳ

ಕೆಲಸ ಒಂದು ದಾರಿಗೆ ಬಂದ ಮೇಲೆ ನಾನೇ ಎರಡನೇ ಪ್ಲೇಯರ್ ಕೊಂಡೆ. ಹಿಡಿಗೆ ದಪ್ಪ ರಬ್ಬರ್ ಹೊದಿಕೆ ಇದ್ದದ್ದು. ಕೆಲವು ಪ್ಲೇಯರಿನಲ್ಲಿ ಆ ಹೊದಿಕೆ ಕಾಲುಚೀಲದ ಹಾಗೆ ಸುಮ್ಮನೆ ತೂರಿಸಿರುತ್ತಾರೆ, ಬೆವರು ಕೈಯಲ್ಲಿ ಎಳೆದರೆ ಕಳಚಿಕೊಂಡು ಬರುತ್ತೆ. ಇದು ಹಾಗಲ್ಲ, ಕಬ್ಬಿಣಕ್ಕೆ ಕಚ್ಚಿ ಕೂತಿತ್ತು. ಮನೆಗೆ ತಂದು ನಮ್ಮಮ್ಮನಿಗೆ ಹೆಮ್ಮೆಯಿಂದ ತೋರಿಸಿದೆ. "ನೋಡಮ್ಮ, ಕರೆಂಟೂ ಬರಲ್ಲ, ಬಿಸೀನೂ ತಾಗಲ್ಲ."

ಆ ಎರಡನೇ ಮಾತು ಹೇಳಬಾರದಾಗಿತ್ತು.

ಅವತ್ತಿನಿಂದ ನನ್ನ ಪ್ಲೇಯರ್ ಆಗಾಗ ಚೀಲದಲ್ಲಿ ಇರುತ್ತಿರಲಿಲ್ಲ. ಬೆಳಿಗ್ಗೆ ಹೊರಡೋ ಹೊತ್ತಿಗೆ ಹುಡುಕಿದರೆ ಅಡುಗೆಮನೆಯಲ್ಲಿ ಒಲೆ ಪಕ್ಕದಲ್ಲಿ ಸಿಗುತ್ತಿತ್ತು. "ಅಮ್ಮ, ಇದು ಪಾತ್ರೆ ಇಳಿಸೋಕಲ್ಲ ಕಣಮ್ಮ" ಅಂದರೆ, "ಇಷ್ಟು ಗಟ್ಟಿಯಾಗಿ ಹಿಡಿಯೋ ಇಕ್ಕಳ ನಮ್ಮ ಮದುವೇಲೂ ಬಂದಿರಲಿಲ್ಲ ಕಣೋ" ಅನ್ನುತ್ತಿದ್ದರು. ನಾನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದೆ.

ಒಂದು ದಿನ ಪೇಟೆಯಲ್ಲಿ ಒಬ್ಬ ಮೇಷ್ಟ್ರ ಮನೆಯಲ್ಲಿ ಫ್ಯಾನ್ ಹಾಕುತ್ತಿದ್ದೆ. ನಾನು ಏಣಿ ಮೇಲೆ, ಮೇಷ್ಟ್ರು ಕೆಳಗೆ ನಿಂತು ಸ್ಕ್ರೂ ಕೊಡುತ್ತಿದ್ದರು. "ಪ್ಲೇಯರ್ ಕೊಡಿ ಸಾರ್" ಅಂದೆ. ಮೇಷ್ಟ್ರು ಎತ್ತಿಕೊಂಡವರು ಹಾಗೇ ನಿಂತರು. ಮೂಗಿನ ಹತ್ತಿರ ತಂದರು. ಅವರ ಮನೆಯವರನ್ನು ಕರೆದರು. ಆಕೆಯೂ ಮೂಸಿ ನೋಡಿದರು.

"ಹೆಸರುಕಾಳು ಬಸ್ಸಾರು" ಅಂದರು ಆಕೆ.

"ಅಲ್ಲ ಕಣೇ, ಹುರುಳಿಕಾಳು" ಅಂದರು ಮೇಷ್ಟ್ರು.

ಇಬ್ಬರಿಗೂ ವಾದವಾಯಿತು. ನಾನು ಮೇಲೆ ಒಂದು ಕೈಯಲ್ಲಿ ಫ್ಯಾನ್ ಹಿಡಿದುಕೊಂಡು ಕಾಯುತ್ತಿದ್ದೆ. ಕೊನೆಗೆ, "ಹುರುಳಿಕಾಳೇ ಸಾರ್, ನಿನ್ನೇದು" ಅಂದೆ. ಮೇಷ್ಟ್ರು ಗೆದ್ದ ಸಂತೋಷದಲ್ಲಿ ಪ್ಲೇಯರ್ ಮೇಲಕ್ಕೆ ಚಾಚಿದರು. ಕೆಲಸ ಮುಗಿದು ಹೊರಡುವಾಗ ಅವರ ಮನೆಯವರು ನನ್ನನ್ನು ನಿಲ್ಲಿಸಿ, "ನಿಮ್ಮಮ್ಮ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕ್ತಾರಾ, ಹಾಗೇ ಹಾಕ್ತಾರಾ, ಕೇಳ್ಕೊಂಡು ಬಾಪ್ಪ" ಅಂದರು.

೩. ಶ್ರುತಿ ನೋಡಿ ಕೊಂಡದ್ದು

ಮಂಡಿಕಲ್ ಕಡೆ ಒಂದು ಹಳ್ಳಿಯಲ್ಲಿ ಒಬ್ಬ ರೈತರಿದ್ದರು. ಹಗಲು ಹೊಲ, ಸಂಜೆಯಾದರೆ ಭಜನೆ. ಹಾರ್ಮೋನಿಯಂ ಅವರದೇ, ಹಾಡೂ ಅವರದೇ. ಅವರ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿಗೆ ನಾನು ಹೋಗುತ್ತಿದ್ದೆ. ಒಂದು ಸಲ, "ಸಣ್ಣ ಪುಟ್ಟದಕ್ಕೆಲ್ಲ ನಿನ್ನ ಕಾಯೋಕಾಗಲ್ಲಪ್ಪ, ಒಂದು ಪ್ಲೇಯರ್ ಕೊಡ್ಸು" ಅಂದರು. ಚಿಕ್ಕಬಳ್ಳಾಪುರಕ್ಕೆ ಬಂದಾಗ ಅಂಗಡಿಗೆ ಕರಕೊಂಡು ಹೋದೆ.

ನಾನು ಉಸ್ತಾದರ ಹಾಗೆ ಒಂದೊಂದೇ ಎತ್ತಿ ಬಾಯಿ ನೋಡುತ್ತಿದ್ದೆ. ಅವರು ಒಂದೊಂದೇ ಎತ್ತಿ, ಹಿಡಿಯ ತುದಿಯಲ್ಲಿ ತೂಗುಬಿಟ್ಟು, ಬೆರಳ ಉಗುರಿನಿಂದ ಮೀಟಿ ಕಿವಿ ಹತ್ತಿರ ತರುತ್ತಿದ್ದರು.

"ಅದೇನು ಮಾಡ್ತಿದ್ದೀರಾ?"

"ಗಡಿಗೆ ಕೊಳ್ಳೋವಾಗ ಬಡಿದು ನೋಡಲ್ವೇನಪ್ಪ? ಒಡಕಿದ್ರೆ ಹೇಳ್ಬಿಡುತ್ತೆ."

"ಪ್ಲೇಯರ್‌ಗೆ ಬಾಯಿ ಮುಖ್ಯ. ದನಿ ಅಲ್ಲ."

"ಬಾಯಿ ಇರೋದು ದನಿಗೇ ಅಲ್ವಾ?" ಅಂದರು.

ನಾನು ಆರಿಸಿದ್ದನ್ನು ನನಗೆ ಕೊಂಡೆ, ಅವರು ಆರಿಸಿದ್ದನ್ನು ಅವರು ಕೊಂಡರು. ನಿಜ ಹೇಳಬೇಕು. ನಂದು ಆರು ತಿಂಗಳಿಗೇ ನಡುವಿನ ರಿವೆಟ್ಟು ಸಡಿಲವಾಗಿ ಹಲ್ಲು ಬಿದ್ದ ಅಜ್ಜನ ಹಾಗೆ ಅಗಿಯೋಕೆ ಶುರು ಮಾಡಿತು. ಅವರದರ ಕಥೆ ಏನಾಯಿತೋ ಅಂತ ಕುತೂಹಲ ಇತ್ತು.

ಮುಂದಿನ ಬೇಸಿಗೆಯಲ್ಲಿ ಮತ್ತೆ ಕರೆ ಬಂತು, ಫ್ಯೂಸ್ ಹೋಗಿದೆ ಅಂತ. ಹೋದೆ. ಪಂಪ್ ಮನೆಯಲ್ಲಿ ಪ್ಲೇಯರ್ ಕಾಣಲಿಲ್ಲ. "ನಿಮ್ಮ ಪ್ಲೇಯರ್ ಎಲ್ಲಿ? ಇಷ್ಟಕ್ಕೆ ನನ್ನ ಯಾಕೆ ಕರೆಸಿದ್ರಿ?" ಅಂದೆ. ಅವರು ಸ್ವಲ್ಪ ನಾಚಿಕೊಂಡು ನನ್ನನ್ನು ಭಜನೆ ಮನೆಗೆ ಕರಕೊಂಡು ಹೋದರು. ಗೋಡೆಯ ಮೊಳೆಗೆ ತಾಳಗಳ ಪಕ್ಕದಲ್ಲಿ ಕೆಂಪು ದಾರ ಕಟ್ಟಿಸಿಕೊಂಡು ಪ್ಲೇಯರ್ ನೇತಾಡುತ್ತಿತ್ತು. ಅದಕ್ಕೆ ಬಡಿಯೋಕೆ ಒಂದು ಸ್ಕ್ರೂ ಡ್ರೈವರೂ ಇತ್ತು.

"ತಾಳ ಒಂದು ಒಡೆದೋಯ್ತು. ಇದು ನಮ್ಮ ಹಾರ್ಮೋನಿಯಂ ಶ್ರುತಿಗೆ ಸರಿಯಾಗಿ ಕೂತ್ಕೊಂಡೈತೆ. ಇನ್ನು ಬಿಚ್ಚೋಕೆ ಭಜನೆಯವರು ಬಿಡಲ್ಲ."

"ಮತ್ತೆ ಫ್ಯೂಸ್ ಕೆಲಸ?"

"ಅದಕ್ಕೆ ನೀನಿದ್ದೀಯಲ್ಲಪ್ಪ. ನಿಂಗೆ ಹೆಂಗೂ ಹಾಡೋಕೆ ಬರಲ್ಲ."

೪. ಅಜ್ಜಿಯ ಟೆಸ್ಟರ್

ಗೌರಿಬಿದನೂರಿನಲ್ಲಿ ರೈಲ್ವೆ ಸ್ಟೇಷನ್ ಕಡೆ ಒಂದು ಮನೆ. ಅಲ್ಲಿ ಒಬ್ಬ ಅಜ್ಜಿ, ಮನೆಮಾತು ತೆಲುಗು, ಬೀದಿಮಾತು ಕನ್ನಡ, ಸಿಟ್ಟು ಬಂದರೆ ಎರಡೂ. ಹೊಸದಾಗಿ ಬಂದ ಗ್ರೈಂಡರ್ ಮುಟ್ಟಿ ಅಜ್ಜಿಗೆ ಒಂದು ಸಲ ಜುಮ್ಮೆಂದಿತ್ತು. ನಾನು ಹೋಗಿ ಅರ್ಥ್ ವೈರ್ ಸರಿ ಮಾಡಿ, ನಾನೇ ಕೈಯಿಟ್ಟು ತೋರಿಸಿದೆ. ಅಜ್ಜಿಗೆ ನಂಬಿಕೆ ಬರಲಿಲ್ಲ.

"ನೀನಿದ್ದಾಗ ಸುಮ್ಮನಿರುತ್ತಪ್ಪ ಅದು. ನೀನು ಹೋದ್ಮೇಲೆ ಮತ್ತೆ ಬಂದ್ರೆ? ನಿನ್ನ ಹತ್ರ ಇದೆಯಲ್ಲ, ದೀಪದ ಕಡ್ಡಿ, ಅಂಥದ್ದು ನಂಗೊಂದು ತಂದುಕೊಡು."

ಟೆಸ್ಟರ್ ಕೊಳ್ಳೋವಾಗ ಬಣ್ಣ ನೋಡಬಾರದು, ಅಂಗಡಿಯ ಪ್ಲಗ್ಗಿಗೇ ಹಾಕಿ ನೋಡಬೇಕು. ನಾನು ಆರು ಟೆಸ್ಟರ್ ಹಾಕಿ ನೋಡಿದೆ. ಎರಡು ಉರಿಯಲೇ ಇಲ್ಲ, ಒಂದು ಮನಸ್ಸು ಬಂದಾಗ ಉರಿಯುತ್ತಿತ್ತು. ಇದ್ದದ್ದರಲ್ಲಿ ಚೆನ್ನಾಗಿ ಕೆಂಪಗೆ ಉರಿದದ್ದನ್ನು ತಂದು, ಹಿಂದಿನ ಟೋಪಿಯ ಮೇಲೆ ಹೆಬ್ಬೆರಳಿಟ್ಟು ಹೇಗೆ ಮುಟ್ಟಿಸಬೇಕು ಅಂತ ಅಜ್ಜಿಗೆ ಹೇಳಿಕೊಟ್ಟೆ. ಅಜ್ಜಿ ಅದನ್ನು ಎಲೆಅಡಿಕೆ ಸಂಚಿಯಲ್ಲಿ ಇಟ್ಟುಕೊಂಡರು.

ಆಮೇಲೆ ಆ ಮನೆಯಲ್ಲಿ ಅಜ್ಜಿ ಟೆಸ್ಟರ್ ಇಡದ ಜಾಗವಿಲ್ಲ. ಗ್ರೈಂಡರ್ ಸರಿ, ನಲ್ಲಿಗೆ ಯಾಕೆ? ಹಾಲಿನವನ ಕ್ಯಾನಿಗೂ ಇಟ್ಟು ನೋಡಿಯೇ ಪಾತ್ರೆ ಒಡ್ಡುತ್ತಿದ್ದರಂತೆ. ಆತ, "ಅಜ್ಜಿ, ನೀರು ಹಾಕಿದ್ರೂ ಹಾಕೇನು, ಕರೆಂಟ್ ಹಾಕಲ್ಲ" ಅಂದನಂತೆ. ಹೀಗೆ ಹಾಲಿನ ವಿಷಯವೂ ಬಯಲಾಯಿತು.

ದೀಪಾವಳಿ ಕಳೆದ ಮೇಲೆ ನಾನು ಆ ಕಡೆ ಹೋದಾಗ ಅಜ್ಜಿ ಬೀದಿಯಲ್ಲೇ ಹಿಡಿದು ನಿಲ್ಲಿಸಿದರು. ಸಂಚಿಯಿಂದ ಟೆಸ್ಟರ್ ತೆಗೆದು ಕೈಗಿಟ್ಟರು. "ಇದು ಕೆಟ್ಟೋಗಿದೆಯಾ ನೋಡು."

ಅಲ್ಲೇ ಅವರ ಮನೆ ಪ್ಲಗ್ಗಿಗೆ ಹಾಕಿದೆ. ಚೆನ್ನಾಗಿ ಉರಿಯಿತು. "ಸರಿಯಾಗೇ ಇದೆಯಲ್ಲ ಅಜ್ಜಿ. ಯಾಕೆ, ಎಲ್ಲಿ ಉರೀಲಿಲ್ಲ?"

ಅಜ್ಜಿ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಅಳಿಯ ಬಂದಿದ್ದ ಹಬ್ಬಕ್ಕೆ. ಬಂದವನು ಮಂಚದ ಮೇಲೆ ಪೇಪರ್ ಹಿಡ್ಕೊಂಡು ಮಲಗಿದ್ದು ಮೂರು ದಿನ ಅಲ್ಲಾಡಲಿಲ್ಲ. ಮೆತ್ತಗೆ ಹಿಮ್ಮಡಿಗೆ ಇಟ್ಟು ನೋಡ್ದೆ. ಕರೆಂಟು ಲೇದು, ಇಲ್ವೇ ಇಲ್ಲ."

"ಮನುಷ್ಯರ ಮೈಯಲ್ಲಿ ಕರೆಂಟ್ ತೋರಿಸಲ್ಲ ಅಜ್ಜಿ."

"ಹಂಗಾದ್ರೆ ಸರಿ" ಅಂದರು ಅಜ್ಜಿ, ಟೆಸ್ಟರನ್ನು ಸಂಚಿಗೆ ಹಾಕಿಕೊಳ್ಳುತ್ತಾ. "ಇವನೊಬ್ಬನಿಗೇ ಇಲ್ವೇನೋ ಅನ್ಕೊಂಡಿದ್ದೆ."

೫. ಬಸ್ಸಿನಲ್ಲಿ ಗವಸು

ಇದು ಚಿಕ್ಕದು. ಚಿಂತಾಮಣಿಯಲ್ಲಿ ಒಂದು ಜೊತೆ ರಬ್ಬರ್ ಗವಸು ಕೊಂಡು ಮುರುಗಮಲ್ಲದ ಬಸ್ಸು ಹತ್ತಿದ್ದೆ. ಅವಸರದಲ್ಲಿ ಗವಸನ್ನು ಪರೀಕ್ಷೆ ಮಾಡಿರಲಿಲ್ಲ. ಅದರಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಜೀವಕ್ಕೆ ಅಪಾಯ. ಹಾಗಾಗಿ ಊದಿ, ಬಾಯಿ ತಿರುಚಿ ಹಿಡಿದು, ಗಾಳಿ ಸುಯ್ ಅನ್ನುತ್ತಾ ಅಂತ ಕಿವಿಗಿಟ್ಟುಕೊಂಡು ಕೇಳಬೇಕು. ಕೂತಲ್ಲೇ ಊದಿ ಕಿವಿಗಿಟ್ಟುಕೊಂಡೆ.

ಪಕ್ಕದಲ್ಲಿದ್ದ ಹಿರಿಯರು ಸ್ವಲ್ಪ ಹೊತ್ತು ನೋಡಿ, "ಕೇಳಿಸ್ತೈತಾ?" ಅಂದರು.

"ಇನ್ನೂ ಇಲ್ಲ" ಅಂದೆ.

"ಇನ್ನೊಂದು ಕೊಡು, ನಾನೂ ನೋಡ್ತೀನಿ." ನಾನು ಅದನ್ನೂ ಊದಿ ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿ ಹಿಂದಿನ ಸೀಟಿಗೆ ದಾಟಿಸಿದರು. ಅಲ್ಲಿದ್ದ ಹೆಂಗಸು ಸೆರಗು ಸರಿಸಿ ಕಿವಿಗಿಟ್ಟುಕೊಂಡರು. ಯಾಕೆ ಕೇಳಬೇಕು ಅಂತ ಒಬ್ಬರೂ ಕೇಳಲಿಲ್ಲ, ಮುಂದಿನವರು ಕೇಳಿದರು ಅಂತ ಹಿಂದಿನವರೂ ಕೇಳಿದರು. ಗವಸು ಅರ್ಧ ಬಸ್ಸು ಸುತ್ತಿ ಕಂಡಕ್ಟರ್ ಕೈಗೆ ಬಂತು. ಎಲ್ಲರೂ ಅವರ ಮುಖ ನೋಡುತ್ತಾ ಕೂತರು. ಕಂಡಕ್ಟರ್ ಐದು ಬೆರಳು ಬಿಚ್ಚಿಕೊಂಡಿದ್ದ ಆ ಗವಸನ್ನು ಗಂಭೀರವಾಗಿ ಕಿವಿಗಿಟ್ಟುಕೊಂಡು, ಸ್ವಲ್ಪ ಹೊತ್ತು ಕೇಳಿ, ನನ್ನ ಕೈಗೆ ವಾಪಸ್ ಕೊಟ್ಟರು.

"ಎಂಗೇಜ್ ಬರ್ತೈತೆ. ಇಳಿದ್ಮೇಲೆ ಫೋನ್ ಮಾಡಿ."

೬. ಚೀಲ ತಗೊಂಡು ಬರಲಿ

ನನ್ನ ಮದುವೆ ಮಾತು ಬಂದದ್ದು ಚಿಂತಾಮಣಿಯಿಂದ. ಹುಡುಗಿಯ ತಂದೆ ಲೈನ್‌ಮನ್ ಆಗಿದ್ದು ರಿಟೈರಾದವರು. ಮಾತು ತಂದವರು ಜಾತಕ ಕೊಡೋಕೆ ಹೋದರೆ, "ಅದನ್ನ ಆಮೇಲೆ ನೋಡಣ. ಹುಡುಗ ವೈರಿಂಗ್ ಮಾಡ್ತಾನೆ ಅಂದ್ರಲ್ಲ, ಬರೋವಾಗ ಟೂಲ್ ಚೀಲ ತಗೊಂಡು ಬರಲಿ" ಅಂದರಂತೆ.

ಫೋಟೋ ನೋಡಿಯೇ ಹುಡುಗಿಯನ್ನು ನಾನು ಒಪ್ಪಿಯಾಗಿತ್ತು. ಹಾಗಾಗಿ ಭಯವೂ ಇತ್ತು. ನನ್ನ ಸೋದರಮಾವ ನನ್ನ ಚೀಲ ತೆರೆದು ನೋಡಿ ಮುಖ ಸಿಂಡರಿಸಿದರು. "ಈ ಮಸಿ ಹಿಡಿದ ಸಾಮಾನು ತಗೊಂಡು ಹೆಣ್ಣು ನೋಡೋಕೆ ಹೋಗ್ತೀಯಾ? ಹೊಸದು ತಗೋ." ಅವರ ಮಾತು ಕೇಳಿ ಒಂದು ಹೊಸ ಪ್ಲೇಯರ್, ಎರಡು ಹೊಸ ಸ್ಕ್ರೂ ಡ್ರೈವರ್ ಕೊಂಡು ಮೇಲಿಟ್ಟೆ. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ತಳ್ಳಿದೆ.

ಭಾನುವಾರ ಬೆಳಿಗ್ಗೆ ಹೋದೆವು. ಉಪ್ಪಿಟ್ಟು ಬಂತು, ಹುಡುಗಿಯೇ ತಂದಿಟ್ಟು ಒಳಗೆ ಹೋದಳು. ಬಾಗಿಲ ಪರದೆ ಅಲ್ಲಾಡುತ್ತಿತ್ತು, ಅಲ್ಲೇ ನಿಂತಿದ್ದಾಳೆ ಅಂತ ಗೊತ್ತಾಯಿತು. ನಾನು ಒಂದು ತುತ್ತೂ ಬಾಯಿಗಿಡುವ ಮೊದಲೇ ಅವಳ ತಂದೆ ಕನ್ನಡಕ ಹಾಕಿಕೊಂಡು, "ಎಲ್ಲಪ್ಪಾ ನಿನ್ನ ಚೀಲ?" ಅಂದರು.

ಕೊಟ್ಟೆ. ಹೊಸ ಪ್ಲೇಯರ್ ತೆಗೆದು ಆ ಕಡೆ ಈ ಕಡೆ ತಿರುಗಿಸಿ ಪಕ್ಕಕ್ಕಿಟ್ಟರು. "ಇದು ಮದುವೆ ಗಂಡಿನ ಹಾಗಿದೆ. ಕೆಲಸ ಮಾಡೋದು ಎಲ್ಲಿ?"

ಅವರ ಕೈ ಚೀಲದ ತಳಕ್ಕೆ ಹೋಯಿತು. ಬಟ್ಟೆ ಬಿಚ್ಚಿ, ಉಸ್ತಾದ್ ಕೊಡಿಸಿದ್ದ ಹಳೇ ಪ್ಲೇಯರ್ ತೆಗೆದರು. ಅದರ ಕತ್ತರಿಸುವ ಅಲಗನ್ನು ಕಿಟಕಿ ಕಡೆ ತಿರುಗಿಸಿ ನೋಡಿದರು. ಫ್ಯೂಸ್ ತೆಗೆಯೋದು ಮರೆತು ಜೋಡಿ ವೈರನ್ನು ಒಟ್ಟಿಗೆ ಕತ್ತರಿಸಿದರೆ ಢಬ್ ಅಂತ ಕಿಡಿ ಹಾರಿ ಅಲಗಿನಲ್ಲಿ ಅಕ್ಕಿಕಾಳಿನಷ್ಟು ಜಾಗ ಸುಟ್ಟು ಹೋಗುತ್ತೆ. ಆ ಕಚ್ಚು ಆಮೇಲೆ ಹೋಗೋದೇ ಇಲ್ಲ. ಎಲೆಕ್ಟ್ರಿಷಿಯನ್ ಎಷ್ಟು ಸಲ ಮೈಮರೆತಿದ್ದ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ಗೊತ್ತಿರೋರಿಗೆ.

"ಎಷ್ಟು ಸಲ?" ಅಂದರು.

"ಒಂದೇ ಸಲ ಸಾರ್."

ಅವರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. "ಇಲ್ಲಿ ಎರಡಿದೆ."

ನನ್ನ ಸೋದರಮಾವ ಸಹಾಯಕ್ಕೆ ಬಂದರು. "ಒಂದು ಅಂಗಡಿಯಿಂದಲೇ ಬಂದಿರಬೇಕು ಸ್ವಾಮಿ. ಡಿಸೈನು."

ಅವರು ಮಾವನ ಕಡೆ ಒಂದು ಸಲ ನೋಡಿದರು. ಮಾವ ಉಪ್ಪಿಟ್ಟಿನ ಕಡೆ ನೋಡಿದರು. ಮದುವೆ ಇಲ್ಲಿಗೆ ಮುಗಿಯಿತು ಅಂತ ನನಗೆ ಖಾತ್ರಿಯಾಯಿತು. ಹೋಗೋದು ಹೋಗಲಿ, ಸುಳ್ಳುಗಾರ ಅನಿಸಿಕೊಂಡು ಎದ್ದು ಹೋಗೋದು ಬೇಡ ಅನ್ನಿಸಿತು.

"ತಪ್ಪಾಯ್ತು ಸಾರ್. ಎರಡು ಸಲ. ಮೊದಲನೇದು ಕೆಲಸ ಕಲಿಯೋವಾಗ. ಎರಡನೇದು ಹೋದ ತಿಂಗಳು."

"ಕಲಿಯೋವಾಗ ಆಗಿದ್ದು ಬಿಡು. ಹೋದ ತಿಂಗಳು ಏನಾಗಿತ್ತು? ಗ್ಯಾನ ಎಲ್ಲಿತ್ತು?"

ನಾನು ತಲೆ ತಗ್ಗಿಸಿದೆ. "ಬೆಳಿಗ್ಗೆ ನಿಮ್ಮ ಮನೆಯಿಂದ ಫೋಟೋ ಬಂದಿತ್ತು ಸಾರ್."

ಪರದೆ ಅಲ್ಲಾಡೋದು ನಿಂತಿತು. ಅವರಿಗೆ ಸಿಟ್ಟು ಬಂತೋ ನಗು ಬಂತೋ ಮುಖದಲ್ಲಿ ತಿಳಿಯಲಿಲ್ಲ. "ಫೋಟೋ ನೋಡಿದ್ದಕ್ಕೇ ಫ್ಯೂಸ್ ತೆಗೆಯೋದು ಮರೆತೋನು, ನಾಳೆ ಸಂಸಾರ ಅಂತಾದ್ಮೇಲೆ ಏನು ಗತಿ? ಮೂವತ್ತು ವರ್ಷ ಲೈನಿನಲ್ಲಿ ಕೆಲಸ ಮಾಡಿದೀನಿ ನಾನು. ಕೈಯಲ್ಲಿ ಪ್ಲೇಯರ್ ಇದ್ದಾಗ ಬೇರೆ ಯೋಚನೆ ಇರಬಾರದು."

ಪರದೆ ಹಿಂದಿನಿಂದ ಮೆತ್ತಗೆ ಒಂದು ದನಿ ಬಂತು. "ಅಪ್ಪ, ನಿಮ್ಮದರಲ್ಲಿ ನಾಲ್ಕಿದೆ."

ಅವರು ಪರದೆ ಕಡೆ ತಿರುಗಿ ಏನೋ ಹೇಳೋಕೆ ಬಾಯಿ ತೆರೆದರು. ಅಷ್ಟರಲ್ಲಿ ಅಡುಗೆಮನೆಯಿಂದ ಹುಡುಗಿಯ ತಾಯಿ, ಕಾಫಿ ಸೋಸುತ್ತಲೇ, "ನಾಲ್ಕಲ್ಲ ಕಣೇ, ಐದು. ನಮ್ಮ ಮದುವೆ ಗೊತ್ತಾದ ವಾರದಲ್ಲೇ ಮೂರು" ಅಂದರು.

ಅವರು ನಿಧಾನವಾಗಿ ಪ್ಲೇಯರಿನ ಬಾಯಿ ಮುಚ್ಚಿದರು. ಬಟ್ಟೆ ಸುತ್ತಿ ಚೀಲದಲ್ಲಿಟ್ಟರು. ಕನ್ನಡಕ ತೆಗೆದು ಜೇಬಿಗಿಟ್ಟು, ನನ್ನ ಸೋದರಮಾವನ ಕಡೆ ತಿರುಗಿದರು.

"ಒಳ್ಳೇ ಸ್ಟೀಲು" ಅಂದರು. "ಜಾತಕ ತಂದಿದ್ದೀರಾ?"